ಚೀಲದೊಳಗಿನ ಜಿಡ್ಡು

ಮಸೂತಿ ಊರಿನ ಅನೀಲಕುಮಾರನ ಹೆಣ ಒರೆಸಿ ಶುಚಿ ಮಾಡುವ ಕೆಲಸ ಸಿಸ್ಟರ್ ಕಾವೇರಿಯ ಪಾಲಿಗೆ ಬಂತು. ಬಾಗೇವಾಡಿಯ ಆ ಖಾಸಗಿ ಆಸ್ಪತ್ರೆಯಲ್ಲಿ ಹೆಣ ಕಂಡು ಅಂಜುವ ಕಾಲವನ್ನು ಅವಳು ಎಂದೋ ದಾಟಿದ್ದಳು. ಆದರೂ ಈ ಸಾವನ್ನು ಅವಳು ಒಪ್ಪಲಾರದೆ ಹೋದಳು. ತಿಂಗಳ ಹಿಂದೆ ವಿಷಮಜ್ವರದಿಂದ ಸಣ್ಣ ಕರುಳು ತೂತುಬಿದ್ದು ಸಾಯುವಂತಾಗಿದ್ದವನನ್ನು ಡಾಕ್ಟರ್ ಅಮೀನುದ್ದೀನ ಉಳಿಸಿಕೊಂಡಿದ್ದರು. ಕರುಳನ್ನು ಹೊಟ್ಟೆಯ ಬಲಬದಿಗೆ ಹೊರತಂದು, ಮಲ ಅಲ್ಲಿಂದಲೇ ಚೀಲಕ್ಕೆ ಬೀಳುವಂತೆ ಮಾಡಿದ್ದರು. ಗಾಯ ಮಾಗಿದ ಮೇಲೆ ಮತ್ತೆ ಒಳಗೆ ಜೋಡಿಸುವುದಿತ್ತು. ಅಂಥವನು ಈಗ ಮೈಯ ನೀರೆಲ್ಲ ಬಸಿದುಹೋಗಿ, ಕಣ್ಣು ಗುಳಿಬಿದ್ದು, ಆಸ್ಪತ್ರೆಯ ಬಾಗಿಲಲ್ಲೇ ಜೀವ ಬಿಟ್ಟಿದ್ದ.

ಕಾವೇರಿ ಚೀಲ ಬಿಡಿಸಲು ಹೋದಳು. ಚರ್ಮಕ್ಕೆ ಗಟ್ಟಿಯಾಗಿ ಅಂಟಿರಬೇಕಾದದ್ದು ಮುಟ್ಟಿದರೆ ಜಾರಿತು. ಒಳಗಿನ ತಿಳಿನೀರಿನ ಮೇಲೆ ಜಿಡ್ಡು ತೇಲುತ್ತಿತ್ತು. ಅವಳು ವಿಜಯಲಕ್ಷ್ಮಿ ಮೇಡಮ್ಮನ್ನು ಕರೆದಳು.

ವಿಜಯಲಕ್ಷ್ಮಿ ಆ ಆಸ್ಪತ್ರೆಯ ದಾದಿಯರ ಮುಖ್ಯಸ್ಥೆ. ವಾರ್ಡಿನಲ್ಲಿ ಏನೇ ಕಳೆದರೂ, ಯಾರೇ ಸುಳ್ಳು ಹೇಳಿದರೂ ಪತ್ತೆ ಹಚ್ಚದೆ ಬಿಡುವ ಹೆಂಗಸಲ್ಲ. ಆಕೆ ಚೀಲವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಮೂಸಿ ನೋಡಿದರು.

ಹೊರಗೆ ಸತ್ತವನ ಅಣ್ಣ ಶಂಕರೆಪ್ಪ ಕೂಗಾಡುತ್ತಿದ್ದ. "ಈ ಶಿವಾನಿ ಸಿಸ್ಟರ್ ಮನಿಗಿ ಬಂದು ಗುಳಿಗಿ ಕೊಟ್ಟ ಮ್ಯಾಲೇ ನನ್ನ ತಮ್ಮಗ ನೀರು ಹೋದಂಗ ಹೋಗಾಕ ಹತ್ತಿತು! ನಾ ಪೊಲೀಸರನ್ನ ಕರೀತೇನಿ!"

ರೋಗಿಯನ್ನು ನೋಡಿಬರಲು ಆಸ್ಪತ್ರೆಯಿಂದ ಅವರ ಮನೆಗೆ ಹೋಗಿದ್ದ ಶಿವಾನಿ ಗೋಡೆಗಾತು ನಿಂತಿದ್ದಳು. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಕೆಲಸವಷ್ಟೇ ಅಲ್ಲ, ಜೈಲೂ ಅವಳ ಕಣ್ಣಮುಂದೆ ಬಂದು ನಿಂತಿತ್ತು.

"ಮಣ್ಣು ಮುಗಿಸ್ರಿ," ಎಂದರು ವಿಜಯಲಕ್ಷ್ಮಿ. "ನಾಳಿ ನಿಮ್ಮ ಮನಿಗೇ ಬರ್ತೇನಿ. ಅಲ್ಲಿತನಕ ತಡೀರಿ. ತಪ್ಪು ಈಕಿದಾಗಿದ್ರ ನಾನಽ ಒಪ್ಪಿಸ್ತೇನಿ."

ಮರುದಿನ ಡಾಕ್ಟರರೂ ಶಿವಾನಿಯೂ ಜೊತೆಗೆ ಹೊರಟರು. ಮಸೂತಿಯ ದಾರಿಯಲ್ಲಿ ಕಾವೇರಿಗೆ ಶಂಕರೆಪ್ಪನ ಮೇಲೆಯೇ ಗುಮಾನಿ. ಹೋದ ವರ್ಷ ಹೊಲ ಪಾಲಾದಾಗ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ವಿಜಯಲಕ್ಷ್ಮಿ ಮಾತ್ರ ಶಿವಾನಿಯನ್ನು ಒಂದೇ ಪ್ರಶ್ನೆ ಕೇಳಿದರು. "ಆ ಮನ್ಯಾಗ ನಿನ್ನ ಯಾರು ಏನು ಕೇಳಿದ್ರು, ನೆನಪ ಮಾಡಿ ಹೇಳು."

"ಅವರ ತಾಯಿ ಬಾಗಲದಾಗ ನಿಲ್ಲಿಸಿ ಕೇಳಿದ್ರು ಮೇಡಂ, ಮಗ ಹೊರಕಡಿಗಿ ಹೋಗವಲ್ಲನಲ್ಲ ಅಂತ. ನಮ್ಮ ಅತ್ತಿಯವರಿಗಿ ಏನೂ ಹೇಳಬ್ಯಾಡ್ರಿ ಅಂತ ಹೆಂಡತಿ ಮೊದಲಽ ಕೈ ಮುಗಿದಿದ್ಲು. 'ಆಗ್ತದ ಬಿಡ್ರಿ' ಅಂದು ಬಂದೆ."

ಮಸೂತಿಯ ಮನೆಯಲ್ಲಿ ಅನೀಲಕುಮಾರ ಮಲಗುತ್ತಿದ್ದ ಒಳಕೋಣೆಗೆ ದಪ್ಪ ಪರದೆ ಬಿಟ್ಟಿತ್ತು. ಮಿಕ್ಕ ಚೀಲಗಳು ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಸಿಕ್ಕವು. ಗುಳಿಗೆಯ ಪಟ್ಟಿ ಗೂಡಿನಲ್ಲಿತ್ತು. ವಿಜಯಲಕ್ಷ್ಮಿ ಅದನ್ನು ಡಾಕ್ಟರರ ಕೈಗೆ ಕೊಟ್ಟರು. ಮಂಚದ ಕೆಳಗೆ ಹಿತ್ತಾಳೆ ಲೋಟವೊಂದಿತ್ತು. ಒಳಗೆ ಚಹಾದ ಕಲೆ, ಅದರ ಮೇಲೆ ಬೆರಳಿಗಂಟುವ ಎಣ್ಣೆ.

ಪಡಸಾಲೆಯಲ್ಲಿ ಎಲ್ಲರೂ ಕುಳಿತರು. ಹೆಂಡತಿ ದಾನೇಶ್ವರಿ ಕಂಬಕ್ಕೆ ಒರಗಿದ್ದಳು.

"ಡಾಕ್ಟರ್, ಇದು ಎಂಥಾ ಗುಳಿಗಿ?" ವಿಜಯಲಕ್ಷ್ಮಿ ಕೇಳಿದರು.

"ಕರುಳಿನ ಓಟ ತಡೆಯೋ ಗುಳಿಗೆ. ನಾನೇ ಕಳಿಸಿದ್ದು," ಎಂದರು ಅಮೀನುದ್ದೀನ.

"ಅಂದ್ರ ಭೇದಿ ಗುಳಿಗಿಯಿಂದ ಆಗಿಲ್ಲ. ಚೀಲದಾಗ ಜಿಡ್ಡು ಇತ್ತು, ಈ ಲೋಟದಾಗೂ ಐತಿ. ವಾಸನಿ ನೋಡ್ರಿ, ಔಡಲೆಣ್ಣಿ, ಹರಳೆಣ್ಣಿ ಅಂತಾರಲ್ಲ ಅದು. ಹೊಟ್ಟಿ ತೊಳಿಯಾಕ ಮನಿಮನ್ಯಾಗ ಚಹಾದಾಗ ಹಾಕಿ ಕೊಡ್ತಾರ. ನಮಗ ಎರಡು ಸಲ ಹೋಗಿ ನಿಂತೀತು. ಇಂಥಾ ಪೇಶಂಟಿಗೆ ದೊಡ್ಡ ಕರುಳಿನ ದಾರಿ ಬಂದ್ ಆಗಿರ್ತದ, ನೀರು ಹೀರಿಕೊಳ್ಳಾಕ ಏನೂ ಇರೂದಿಲ್ಲ. ಎಲ್ಲಾ ಚೀಲಕ್ಕ ಸುರೀತದ."

"ಕೊಟ್ಟವರು ಯಾರ್ರಿ?" ಶಂಕರೆಪ್ಪ ಎದ್ದು ನಿಂತ.

"ಶಂಕರೆಪ್ಪಾ, ಮಲ ಚೀಲಕ್ಕ ಬೀಳ್ತೈತಿ ಅಂತ ನಿಮಗ ಗೊತ್ತಿತ್ತು. ದಾನೇಶ್ವರಿಗೂ, ಶಿವಾನಿಗೂ ಗೊತ್ತಿತ್ತು. ಗೊತ್ತಿದ್ದವರು ಹೊಟ್ಟಿ ಕಟ್ಟೇತಿ ಅಂತ ಎಣ್ಣಿ ಕುಡಸೂದಿಲ್ಲ. ಕೊಲ್ಲವ್ರೂ ಖಾಲಿ ಲೋಟ ಮಂಚದ ಕೆಳಗ ಬಿಟ್ಟು ಹೋಗೂದಿಲ್ಲ. ಇದು ಜೀವ ಉಳಸಾಕ ಕೊಟ್ಟದ್ದು. ಮಗ ಚರಗಿ ಹಿಡದು ಹೊರಕಡಿಗಿ ಒಮ್ಮೆನೂ ಎದ್ದಿಲ್ಲ ಅಂತ ದಿನಾ ಹೆದರಿ ಕುಂತವರು ಈ ಮನ್ಯಾಗ ಒಬ್ಬರಽ." ಅವರ ದನಿ ತಗ್ಗಿತು. ಮುಂದಿನ ಮಾತು ಆಡಲು ಅವರಿಗೆ ಮನಸ್ಸಿಲ್ಲವೆಂದು ಕಾವೇರಿಗೆ ಗೊತ್ತಾಯಿತು. ಆಡದಿದ್ದರೆ ಶಿವಾನಿಯ ಬಾಳು ಮುಳುಗುತ್ತಿತ್ತು.

ಆಡುವ ಪ್ರಸಂಗವೇ ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅನೀಲಕುಮಾರನ ತಾಯಿ ಸಿದ್ದಲಿಂಗವ್ವ ನಿಂತಿದ್ದಳು.

"ನಾನಽ ಕೊಟ್ಟೆ," ಎಂದಳು. "ಅವಗೂ ಹೇಳದಽ ಚಹಾದಾಗ ಹಾಕಿ ಎರಡು ದಿನ ಕೊಟ್ಟೆ. ಚೀಲ ಅಂದ್ರ ಎಂಥಾದ್ದು?"

ದಾನೇಶ್ವರಿ ಕುಸಿದು ಕುಳಿತಳು. "ಅತ್ತಿ, ನಿಮ್ಮ ಎದಿ ವೀಕ ಐತಿ ಅಂತ ಹೇಳಲಿಲ್ಲರಿ. ನನಗ ನಾಚಿಕೀನೂ ಆತು. ಓಣ್ಯಾಗ ಗೊತ್ತಾದ್ರ ಹೆಂಗ ಅಂತ… ಹರ್ನಿಯಾ ಆಪರೇಶನ್ ಅಂತ ಸುಳ್ಳು ಹೇಳಿದೆ."

"ಒಂಬತ್ತು ತಿಂಗಳು ನನ್ನ ಹೊಟ್ಟ್ಯಾಗ ಇಟಕೊಂಡು ಹಡದೇನಿ," ಎಂದಳು ಮುದುಕಿ. "ಅವನ ಹೊಟ್ಟಿ ನನಗ ತೋರಸಲಿಲ್ಲಲ್ಲವ್ವಾ."

ಶಿವಾನಿ ಪಾರಾಗಿದ್ದಳು. ಕಾವೇರಿ ಅವಳ ಕೈ ಹಿಡಿದುಕೊಂಡಳು, ಆದರೆ ಆ ಕೈಯಲ್ಲಿ ಸಮಾಧಾನದ ಸುಳಿವೂ ಇರಲಿಲ್ಲ.

ಸಿದ್ದಲಿಂಗವ್ವ ಸೆರಗಿನಿಂದ ಕೈ ಒರೆಸಿಕೊಂಡು ಹಿರಿಯ ಮಗನ ಮುಂದೆ ಬಂದು ನಿಂತಳು.

"ಪೊಲೀಸರನ್ನ ಕರೀತೇನಿ ಅಂದಿದ್ದೆಲ್ಲ ಶಂಕ್ರು. ಆ ಹುಡುಗೀನ ಬಿಡು. ಕರಿ ಈಗ."

ಶಂಕರೆಪ್ಪ ಕೈಯಲ್ಲಿದ್ದ ಫೋನು ನೆಲಕ್ಕಿಟ್ಟು, ತಾಯಿಯ ಕಾಲಿನ ಮೇಲೆ ತಲೆಯಿಟ್ಟು ಅತ್ತ.