ಕೊಕ್ಕಿಲ್ಲದ ಟೂಕಾನ್

“ಮೊದ್ಲು ಕಿರ್ರ್ ಅಂತು, ಆಮೇಲೆ ಟಕ್ ಅಂತು. ಸಣ್ಣ ಸದ್ದೇ. ಆದ್ರೆ ರಾತ್ರಿ ಒಂದೂ ನಲವತ್ತಕ್ಕೆ, ಮುಚ್ಚಿದ ಔಷಧಿ ಅಂಗಡೀಲಿ ಯಾರು ರಸೀದಿ ಹೊಡೀತಾರೆ? ನೀನೇ ಹೇಳು ಮಗಳೇ.”

ಮಾರ್ಚ್ 14, ಶುಕ್ರವಾರ, ಬೆಳಗ್ಗೆ 7.10. ತೇಲಾ ಪಟ್ಟಣದ ಠಾಣೆಗೆ ಬಂದಿದ್ದ ದೋನ್ಯಾ ಎತೆಲ್ವಿನಾ, ‘ಟೂಕಾನ್’ ಔಷಧಿ ಅಂಗಡಿಯ ಮೇಲಿನ ಮನೆಯಲ್ಲಿ ಒಂಟಿಯಾಗಿದ್ದ ಮುದುಕಿ. ಬೀಗ ಮುರಿದಿರಲಿಲ್ಲ, ಏನೂ ಕಳುವಾಗಿರಲಿಲ್ಲ. ಪೇದೆ ವಿಲ್ಮೆರ್ ಪೆನ್ನು ಎತ್ತಲಿಲ್ಲ.

“ಬರ್ಕೋ,” ಎಂದಳು ಇನ್ಸ್‌ಪೆಕ್ಟರ್ ನೊಹೆಮಿ ಬಾರಾಹೋನಾ.

ಕಾರಣವಿತ್ತು. ಮಾರ್ಚ್ 10ರ ಒಂದು ರಸೀದಿಯ ನಕಲು ಕೊಡಬೇಕೆಂದು ಅದೇ ಅಂಗಡಿಗೆ ಹಿಂದಿನ ಸಂಜೆಯಷ್ಟೇ ಅವಳು ನೋಟಿಸ್ ಕಳಿಸಿದ್ದಳು. ರಸೀದಿ ಡಿಲ್ಸಿಯಾ ಎಂಬ ಹತ್ತೊಂಬತ್ತರ ತಾಯಿಯದು. ಔಷಧಿ ಎಷ್ಟು ಕೊಡಬೇಕೆಂಬುದನ್ನೂ ಆ ಅಂಗಡಿಯವರು ರಸೀದಿಯ ಮೇಲೇ ಅಚ್ಚು ಹಾಕುತ್ತಿದ್ದರು. ಜ್ವರದ ಮಗುವಿಗೆ ಹತ್ತು ಹನಿ ಹಾಕಬೇಕಾದ ಔಷಧಿಯನ್ನು ಅವಳು ಹತ್ತು ಮಿಲಿ ಕುಡಿಸಿದ್ದಳು. ಎಂಟು ತಿಂಗಳ ಹೆಣ್ಣುಮಗು ಆಸ್ಪತ್ರೆಯಲ್ಲಿತ್ತು. ತಾಯಿಯ ಮೇಲೆ ಎಫ್‌ಐಆರ್ ಆಗಿತ್ತು. ಮಗು ಉಳಿದರೂ ಅವಳ ಕೈಗೆ ಕೊಡಬಾರದೆಂದು ಮಕ್ಕಳ ಕಲ್ಯಾಣ ಅಧಿಕಾರಿ ಆಗಲೇ ಬರೆದಿದ್ದರು.

“ರಸೀದಿ ಚೀಟೀಲಿ ಹತ್ತು ಅಂತಷ್ಟೇ ಇತ್ತು,” ಎಂದಿದ್ದಳು ಡಿಲ್ಸಿಯಾ.

“ಚೀಟಿ ಎಲ್ಲಿ?”

“ಒಲೆ ಪಕ್ಕ ಸಿಗ್ಸಿದ್ದೆ. ಆ ನುಣುಪು ಕಾಗದ ಶಾಖಕ್ಕೆ ಪೂರಾ ಕಪ್ಪಾಗೋಯ್ತು.”

ಯಾರೂ ನಂಬಲಿಲ್ಲ. ಓದು ಬಾರದ ಹುಡುಗಿ ಎಂದರು. ಓದು ಬರುತ್ತದೆಯೇ ಎಂದು ಅವಳನ್ನು ಒಬ್ಬರೂ ಕೇಳಿರಲಿಲ್ಲ.

ಬೆಳಗ್ಗೆ 9.30. ಅಂಗಡಿಯ ವ್ಯವಸ್ಥಾಪಕ ಡಾನ್ ಫೌಸ್ತೊ ನಕಲನ್ನು ಸಿದ್ಧವಾಗಿಟ್ಟುಕೊಂಡೇ ಕಾದಿದ್ದ. ‘10 ಹನಿ’ ಎಂದು ಸ್ಪಷ್ಟವಾಗಿತ್ತು.

“ಕುರುಡರಿಗೂ ಕಾಣ್ಸುತ್ತೆ, ಇನ್ಸ್‌ಪೆಕ್ಟರ್. ಈ ಹುಡುಗೀರಿಗೆ ಹೆರೋದೊಂದು ಗೊತ್ತು.”

“ರಾತ್ರಿ ಇಲ್ಲಿಗೆ ಬಂದಿದ್ರಾ?”

“ಮನೇಲಿ ಮಲಗಿದ್ದೆ.”

ಕಾಗದದ ಎಡ ಅಂಚಿನಲ್ಲಿ ಮೊದಲೇ ಅಚ್ಚಾಗಿ ಬಂದ ಶಾಂಪೂ ಜಾಹೀರಾತಿತ್ತು, ಕೂದಲು ಬಿಟ್ಟು ನಗುವ ಹೆಂಗಸು. ಯಂತ್ರ ಹೊಡೆದ, ಅಂಗಡಿಯ ಗುರುತಾದ ದೊಡ್ಡ ಕೊಕ್ಕಿನ ಟೂಕಾನ್ ಹಕ್ಕಿಯ ಬಾಲ ಅವಳ ಮೂಗಿನ ಮೇಲೆ ಬಿದ್ದಿತ್ತು.

“ಹಕ್ಕಿ ಬಾಲ ಇವಳ ಮುಖಕ್ಕೆ ಯಾಕೆ ಬಂತು?”

“ಯಂತ್ರ ಅಲ್ವಾ.”

ಅದೇ ದಿನದ ಬೇರೆ ಗಿರಾಕಿಗಳ ರಸೀದಿಗಳನ್ನು ತರಲು ನೊಹೆಮಿ ವಿಲ್ಮೆರ್‌ನನ್ನು ಮನೆಮನೆಗೆ ಅಟ್ಟಿದಳು. ಸಂಜೆ ನಾಲ್ಕಕ್ಕೆ ಐದು ಸಿಕ್ಕವು. ಒಂದಕ್ಕೆ ‘ಬಲೆಯಾದಾ’ ರೊಟ್ಟಿ ಮಾರುವವಳ ಕೈಯ ಹುರುಳಿ ಗೊಜ್ಜು ಮೆತ್ತಿತ್ತು. ವಿಲ್ಮೆರ್ ಅವನ್ನು ಮೇಜಿನ ಮೇಲೆ ಸಾಲಾಗಿ ಹರಡಿದ.

“ಮೇಡಂ, ಐದರಲ್ಲೂ ಹೆಂಗಸಿನ ಮುಖ ಚೆನ್ನಾಗಿದೆ, ಹಕ್ಕಿಗೇ ಕೊಕ್ಕಿಲ್ಲ. ಕೊಕ್ಕಿಲ್ದ ಟೂಕಾನ್ ಅಂದ್ರೆ ಕಾಗೆ!”

“ಹಲ್ಲು ಕಿರೀಬೇಡ. ಕೊಕ್ಕು ತುಂಡಾದಲ್ಲಿಂದ ಕೆಳಗೆ ಸ್ಕೇಲ್ ಇಡು.”

ಇಟ್ಟ. ಎಲ್ಲ ಸಾಲುಗಳೂ ಆ ಗೆರೆಗೇ ನಿಂತಿದ್ದವು. ‘ಊಟದ ನಂ’. ‘2 ಮಾ’. ಮತ್ತೊಂದರಲ್ಲಿ ಬರಿಯ ‘15’. ವಿಲ್ಮೆರ್‌ನ ನಗು ಇಳಿಯಿತು.

5.15ಕ್ಕೆ ಪಂಚರ ಮುಂದೆ ಅದೇ ಯಂತ್ರದಲ್ಲಿ ಎರಡು ರಸೀದಿ ಹೊಡೆಸಿದರು. ಅಂಚು ಪೂರ್ತಿ ಎಡಕ್ಕಿದ್ದಾಗ ಸಾಲುಗಳು ಪೂರಾ ಬಂದವು, ಆದರೆ ಫೌಸ್ತೊ ಕೊಟ್ಟ ನಕಲಿನಂತೆಯೇ ಹಕ್ಕಿಯ ಬಾಲ ಹೆಂಗಸಿನ ಮೂಗಿನ ಮೇಲೆ ಬಿತ್ತು. ಎಡ ಅಂಚನ್ನು ಬೆರಳಗಲ ಬಲಕ್ಕೆ ಸರಿಸಿದಾಗ ಅಕ್ಷರ, ಚಿತ್ರ ಎಲ್ಲವೂ ಜರುಗಿದವು. ಗೊತ್ತುಮಾಡಿದ ಜಾಗದಾಚೆ ಬಿದ್ದದ್ದನ್ನು ಯಂತ್ರ ಮುಂದಿನ ಸಾಲಿಗೆ ತರಲಿಲ್ಲ, ತಪ್ಪೆಂದು ಕೂಗಲೂ ಇಲ್ಲ. ಬಿಟ್ಟೇಬಿಟ್ಟಿತು. ಕಿರ್ರ್. ಟಕ್.

“ಅದೇ! ಅದೇ ಸದ್ದು!” ಮೆಟ್ಟಿಲ ಮೇಲಿಂದ ದೋನ್ಯಾ ಎತೆಲ್ವಿನಾ ಕೂಗಿದರು.

ಅಂಗಡಿಯ ಕಂಪ್ಯೂಟರಿನಲ್ಲಿ ಡಿಲ್ಸಿಯಾಳ ರಸೀದಿಯ ಮರುಮುದ್ರಣದ ವೇಳೆ ದಾಖಲಾಗಿತ್ತು: ರಾತ್ರಿ 1.41. ಪಂಚನಾಮೆಗೆ ಸಹಿಗಳು ಬಿದ್ದವು. ಶಾಂಪೂವಿಗೆ ಆ ಕಾಗದದಲ್ಲಿ ಜಾಗವಿತ್ತು. ಒಂದು ಕೂಸಿನ ಹನಿಗೆ ಇರಲಿಲ್ಲ.

6.05ಕ್ಕೆ ಫೌಸ್ತೊನನ್ನು ಬಂಧಿಸಲಾಯಿತು.

“ಅಂಚು ಯಾಕೆ ಸರಿಸ್ದೆ?”

“ಜಾಹೀರಾತಿನ ಮೇಲೆ ಅಕ್ಷರ ಬೀಳಬಾರ್ದು ಅಂತ ಮಾಲೀಕರ ಹುಕುಂ.”

“ಬಲಗಡೆ ತುಂಡಾಗ್ತಿದ್ದದ್ದು ಯಾವಾಗ ಗೊತ್ತಾಯ್ತು?”

“ಮೂರು ವಾರ ಆಯ್ತು. ಗಿರಾಕಿಗಳೇ ನಕ್ಕಿದ್ರು,” ಎಂದು ಅವನು ನೊಹೆಮಿಯ ಮುಖವನ್ನೇ ನೋಡಿದ. “ಕೊಕ್ಕು ತಾನೇ ಅಂದ್ಕೊಂಡೆ. ಸರಿಮಾಡೋಕೆ ಹೋದ್ರೆ ತಪ್ಪು ಒಪ್ಕೊಂಡಂಗೆ ಆಗ್ತಿತ್ತು.”

ಇಪ್ಪತ್ತಾರು ವರ್ಷ ಒಂದು ದೂರೂ ಇಲ್ಲದೆ ದುಡಿದದ್ದಕ್ಕೆ ಅವನಿಗೆ ಕೊಟ್ಟ ಪ್ರಶಸ್ತಿಪತ್ರ ಗಲ್ಲೆಯ ಹಿಂದೆ ತೂಗುತ್ತಿತ್ತು. ಅದು ಅಲ್ಲಿಯೇ ಇರಲೆಂದು ಒಬ್ಬ ತಾಯಿಯನ್ನು ಜೈಲಿಗೆ ಕಳಿಸಲು ಅವನು ಸಿದ್ಧನಿದ್ದ.

ಮಾರ್ಚ್ 17ರಂದು ಡಿಲ್ಸಿಯಾಳ ಮೇಲಿನ ಮೊಕದ್ದಮೆ ವಜಾ ಆಯಿತು. ಮಗು ಅವಳ ತೋಳಿಗೆ ಮರಳಿತು.

ಅಂದು ಸಂಜೆ ನೊಹೆಮಿ ಮನೆಯಲ್ಲಿ ತನ್ನ ಕೈಚೀಲದ ಒಳಜೇಬಿಗೆ ಕೈ ಹಾಕಿದಳು. ಅಮ್ಮನ ಬಿಪಿ ಮಾತ್ರೆಯ ರಸೀದಿ ಅಲ್ಲೇ ಇತ್ತು. ಫೆಬ್ರವರಿ 27. ಹಕ್ಕಿಗೆ ಕೊಕ್ಕಿರಲಿಲ್ಲ. ಗಲ್ಲೆಗೆ ಒರಗಿ ತಾನೇ ಆಡಿದ್ದ ಮಾತು ನೆನಪಿಗೆ ಬಂತು: “ನಿಮ್ಮ ಹಕ್ಕಿ ಕೊಕ್ಕು ಎಲ್ಲಿ ಕಳ್ಕೊಂತು, ಡಾನ್ ಫೌಸ್ತೊ?” ಇಬ್ಬರೂ ನಕ್ಕಿದ್ದರು.

ಫೌಸ್ತೊನ ಹೇಳಿಕೆಯಲ್ಲಿ ಅವಳು ‘ಗಿರಾಕಿಗಳು’ ಎಂದಷ್ಟೇ ಬರೆದುಕೊಂಡಿದ್ದಳು. ಸಾಕ್ಷಿಗೆ ಐದು ರಸೀದಿಗಳಿದ್ದವು, ಆರನೆಯದು ಬೇಕಿರಲಿಲ್ಲ.

ಒಲೆ ಹೊತ್ತಿಸಿ ರಸೀದಿಯನ್ನು ಉರಿಯ ಪಕ್ಕ ಹಿಡಿದಳು. ಅಂಚಿನಿಂದ ಕಪ್ಪು ಏರಿತು. ಹೆಂಗಸು, ಹಕ್ಕಿ, ತಾರೀಖು ಒಂದಾದವು.

“ಏನದು ಸುಟ್ಟ ವಾಸನೆ?” ಒಳಗಿನಿಂದ ಅಮ್ಮ ಕೇಳಿದರು.

“ಏನಿಲ್ಲಮ್ಮ,” ಎಂದಳು ನೊಹೆಮಿ. ಇನ್ನು ಯಾರು ಕೇಳಿದರೂ ಅಷ್ಟೇ ಹೇಳುವುದೆಂದು ನಿರ್ಧರಿಸಿದಳು.