ಎಡಗಡೆಯ ಸೀಟು ಯಾರಿಗೆ?

"ಏಳಿ."

"ಏಳ್ಲಿಕ್ಕೆ ಆಗುದಿಲ್ಲ."

"ಯಾಕೆ? ನೀವು ಎದ್ದರಲ್ವಾ ನಾನು ಸೀಟು ನೋಡುದು?"

ಡ್ರೈವರ್ ಸೀಟಿನಲ್ಲಿದ್ದ ಯುವಕನ ಮುಖ ಕೆಂಪಾಯಿತು. "ಸೀಟಿನ ಸ್ಪ್ರಿಂಗು... ಪ್ಯಾಂಟಿಗೆ ಸಿಕ್ಕಿಹಾಕಿಕೊಂಡಿದೆ."

ಮೋಕ್ಷಿತಾ ನಗಲಿಲ್ಲ. ನಗು ತಡೆಯಲು ತುಟಿ ಕಚ್ಚಿಕೊಂಡಳು, ಅದು ಬೇರೆ ಮಾತು. ಒಳಗೆ ಹೋಗಿ ದೊಡ್ಡ ಕತ್ತರಿ ತಂದಳು.

"ಅದು ಎಂತಕ್ಕೆ?"

"ಸೀಟಿಗೆ. ಹೆದರಬೇಡಿ, ಪ್ಯಾಂಟಿಗಲ್ಲ."

ಹೇಳಿದ್ದು ಹಾಗೆ. ಕೊನೆಗೆ ಕತ್ತರಿ ಬಿದ್ದದ್ದು ಎರಡಕ್ಕೂ. ಸೊಂಟಕ್ಕೆ ಅಂಗಡಿಯ ರೆಕ್ಸಿನ್ ತುಂಡು ಸುತ್ತಿಕೊಂಡು ಆತ ಕೆಳಗಿಳಿದ. ಹೀಗೆ ಶುರುವಾದ ಪ್ರೀತಿ ಎಲ್ಲಿಗೆ ಮುಟ್ಟೀತು, ನೀವೇ ಹೇಳಿ.

ನರಿಮೊಗರಿನ ರಸ್ತೆ ಬದಿಯ ಆ ಕುಶನ್ ಅಂಗಡಿ ಮೋಕ್ಷಿತಾಳ ಅಪ್ಪ ಡೊಂಬಯ್ಯನವರದು. ಅವರ ಕಣ್ಣು ಮಂಜಾದ ಮೇಲೆ ಹೊಲಿಗೆಯೆಲ್ಲ ಮಗಳದ್ದೇ. ಬಂದವನ ಹೆಸರು ಭವಿತ್, ಸುಳ್ಯದವನು. ಕೊಯಿಲದ ಜಾನುವಾರು ಫಾರ್ಮಿನಲ್ಲಿ ಕೆಲಸ. ಹದಿನೆಂಟು ವರ್ಷ ಹಳೆಯ ಕ್ಯಾರವಾನ್ ಒಂದನ್ನು ಕೊಂಡಿದ್ದ. ಒಳಗೆ ಮಂಚ, ಒಲೆ, ನೀರಿನ ಟ್ಯಾಂಕಿ, ಎಲ್ಲ ಇತ್ತು. ಮುಂದಿನ ಎರಡು ಸೀಟುಗಳಲ್ಲಿ ಮಾತ್ರ ಕೂರುವಂತಿರಲಿಲ್ಲ.

"ಇದನ್ನು ರಿಪೇರಿ ಮಾಡುದು ದಂಡ" ಎಂದಳು ಮೋಕ್ಷಿತಾ. "ಫ್ರೇಮೇ ತುಕ್ಕು ಹಿಡಿದಿದೆ. ಗುಜರಿಯಿಂದ ಎರಡು ಒಳ್ಳೆ ಫ್ರೇಮ್ ತರುವ. ಸ್ಪಂಜು, ಹೊದಿಕೆ ಹೊಸತು ಹಾಕ್ತೇನೆ. ಆದರೆ ಕೂರುವವರು ಬರ್ಬೇಕು."

"ಕೂರುವವರಾ?"

"ಯಾರು ಕೂರುದು ಅಂತ ನೋಡದೆ ನಮ್ಮಲ್ಲಿ ಸ್ಪಂಜು ಕತ್ತರಿಸುದಿಲ್ಲ. ಅಪ್ಪನ ಕ್ರಮ ಅದು. ಡ್ರೈವರ್ ಸೀಟಿಗೆ ನೀವು ಇದ್ದೀರಿ. ಎಡಗಡೆಗೆ ಯಾರು?"

ಭವಿತ್ ಆಚೀಚೆ ನೋಡಿದ. ದನಿ ತಗ್ಗಿಸಿದ.

"ಒಬ್ರು ಉಂಟು. ಹೆಸರು ಹೇಳ್ಲಿಕ್ಕೆ ಆಗುದಿಲ್ಲ. ಇಲ್ಲಿ ಹೇಳಿದ್ದು ಬಸ್ಸಿಗಿಂತ ಮೊದಲು ಸುಳ್ಯಕ್ಕೆ ಮುಟ್ತದೆ. ಅವರ ಮನೆಯವರಿಗೆ ಗೊತ್ತಾದರೆ ಬಿಡುದಿಲ್ಲ. ಸೀರೆ ಉಡ್ತಾರೆ, ಎತ್ತರ ನಿಮ್ಮಷ್ಟೇ. ನೀವೇ ಕೂತು ಅಳತೆ ನೋಡಿ, ಆಗದಾ?"

ಮೋಕ್ಷಿತಾಳಿಗೆ ಅರ್ಥವಾಯಿತು. ಅಂದರೆ, ಅರ್ಥವಾಯಿತೆಂದು ಅವಳು ತಿಳಿದುಕೊಂಡಳು. ಓಡಿಹೋಗುವ ಜೋಡಿ! ಮಂಚ, ಒಲೆ ಸಮೇತ!

ಆಗ ಅವಳಿಗೆ ಬರೀ ನಗು ಬಂದಿತ್ತು. ಆದರೆ ಡ್ರೈವರ್ ಸೀಟು ಮೊದಲು ಮುಗಿಸಿಕೊಟ್ಟ ಮೇಲೆ ಭವಿತ್ ನಾಲ್ಕು ಸಲ ಬಂದ. ಪ್ರತಿ ಸಲವೂ ಒಂದೇ ದೂರು.

"ಡ್ರೈವರ್ ಸೀಟಿನಲ್ಲಿ ಸೊಂಟದ ಹತ್ತಿರ ಎಂತದೋ ಚುಚ್ಚುತ್ತದೆ ಮಾರಾಯ್ರೆ."

ಅವಳು ಹೊಲಿಗೆ ಬಿಚ್ಚಿ, ತಡವಿ, ಏನೂ ಸಿಗದೆ ಮತ್ತೆ ಹೊಲಿಯುವಳು. ಅಷ್ಟು ಹೊತ್ತೂ ಅವನು ಪಕ್ಕದಲ್ಲಿ ಕುಳಿತು ಫಾರ್ಮಿನ ಸುದ್ದಿ ಹೇಳುವನು. ಒದೆಯುವ ಹೋರಿಯ ಬಗ್ಗೆ, ತನ್ನನ್ನು ಕಂಡರೆ ಮಾತ್ರ ಹಾಲು ಬಿಡುವ ದನದ ಬಗ್ಗೆ. ಡೊಂಬಯ್ಯನವರಿಗೆ ಚಹಾ ಆರಿಸಿ ಕೈಗೇ ಕೊಡುವನು. ನಾಲ್ಕನೆಯ ಸಲ ಅವನು ಹೊರಟಾಗ ಮೋಕ್ಷಿತಾ ರಸ್ತೆಯ ತಿರುವಿನ ತನಕ ಗಾಡಿಯನ್ನೇ ನೋಡುತ್ತ ನಿಂತಳು.

'ಎಂತ ಆಗಿದೆ ನನಗೆ? ಅವನು ಬೇರೊಬ್ಬಳವನು...' ಎಂದು ತನ್ನನ್ನೇ ಬೈದುಕೊಂಡಳು. ಬೈದರೆ ಕೇಳುವಂಥ ಮನಸ್ಸಾ ಅದು?

ಎಡಗಡೆಯ ಸೀಟಿನ ಕೆಲಸ ಬಂದಾಗ ಅವಳ ಹೊಟ್ಟೆ ಉರಿಯಿತು. ಯಾರೋ ಒಬ್ಬಳು ಇಲ್ಲಿ ಕೂರುತ್ತಾಳೆ. ನಾನು ಕೂತು ಕೂತು ಅಳತೆ ಕೊಟ್ಟ ಜಾಗದಲ್ಲಿ!

ಮೆತ್ತನೆಯ ಸ್ಪಂಜನ್ನು ಬದಿಗಿಟ್ಟಳು. ಒತ್ತಿದ ತೆಂಗಿನ ನಾರಿನ ಹಾಳೆ ಎರಡು ಪದರ ಹಾಕಿದಳು. ಮೇಲೆ ಬೆರಳ ದಪ್ಪದ ಸ್ಪಂಜು, ಅದರ ಮೇಲೆ ಚೆಂದದ ಕಂದು ರೆಕ್ಸಿನ್. ನೋಡಲಿಕ್ಕೆ ರಾಜನ ಗಾದಿ, ಕೂತರೆ ಶಾಲೆಯ ಬೆಂಚು. ಕೂರಲಿ ಮಹಾರಾಣಿ!

ಭಾನುವಾರ ಭವಿತ್ ಗಾಡಿ ಒಯ್ದ. "ನಾಳೆ ಏಳಕ್ಕೆ ಕಾಣಿಯೂರಿನಲ್ಲಿ ಅವರನ್ನು ಹತ್ತಿಸಿಕೊಂಡು ಹೊರಡುದು" ಎಂದ. ಗಾಡಿ ಹತ್ತುವ ಮುಂಚೆ ಎರಡು ಸಲ ತಿರುಗಿ ನೋಡಿದ.

ಅಂದು ಊಟಕ್ಕೆ ಕೂತಾಗ ಡೊಂಬಯ್ಯ ಕೇಳಿದರು, "ಮೋಕ್ಷಿ, ಎಡಗಡೆಯ ಸೀಟು ನಾನು ಮುಟ್ಟಿ ನೋಡ್ಲಿಲ್ಲ. ಸರಿ ಉಂಟಲ್ಲ?"

ಅವಳು ಅಪ್ಪನ ಬಟ್ಟಲಿಗೆ ಇನ್ನಷ್ಟು ಸಾರು ಬಡಿಸಿದಳು. "ಉಂಟಪ್ಪ" ಎಂದಳು. ಅಪ್ಪನ ಮುಂದೆ ಕೆಲಸದ ವಿಷಯದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು.

ಅವಳಿಗೆ ನಿದ್ದೆ ಹತ್ತಲಿಲ್ಲ. ಸರಿ ಮಾಡಿಕೊಟ್ಟರೆ ಅವನನ್ನು ತನ್ನ ಕೈಯಾರೆ ಇನ್ನೊಬ್ಬಳಿಗೆ ಒಪ್ಪಿಸಿದಂತೆ. ಬಿಟ್ಟರೆ ಅಪ್ಪ ನಲವತ್ತು ವರ್ಷ ಕಾಪಾಡಿದ ಹೆಸರು ಹೋದಂತೆ. ಅವನು ಹೇಗೂ ನನ್ನವನಲ್ಲ. ಹೆಸರಾದರೂ ಉಳಿಯಲಿ...

ಬೆಳಿಗ್ಗೆ ಸ್ಕೂಟರಿನ ಹಿಂದೆ ಸ್ಪಂಜಿನ ಕಟ್ಟು ಬಿಗಿದು ಹೊರಟಳು. ಗಾಳಿಗೆ ಸ್ಪಂಜು ಎರಡು ಸಲ ಹಾರಿ ದಾರಿ ಬದಿಯ ತೋಡಿಗೆ ಬಿತ್ತು. ಅವಳು ಕಾಣಿಯೂರು ಮುಟ್ಟುವಾಗ ಕ್ಯಾರವಾನ್ ರಸ್ತೆ ಬದಿಯಲ್ಲೇ ನಿಂತಿತ್ತು.

ಎಡಗಡೆಯ ಸೀಟಿನಲ್ಲಿ ಎಪ್ಪತ್ತಾರರ ಒಬ್ಬ ಅಜ್ಜಿ ವೀಳ್ಯ ಮೆಲ್ಲುತ್ತ ಕುಳಿತಿದ್ದರು.

"ಅಜ್ಜೀ, ಆ ಹುಡುಗಿ ಎಲ್ಲಿ?" ಏದುಸಿರು ಬಿಡುತ್ತ ಕೇಳಿದಳು.

"ಯಾವ ಹುಡುಗಿ? ಇಲ್ಲಿ ಇರುದು ನಾನೊಬ್ಳೇ."

ಹಿಂದಿನಿಂದ ಭವಿತ್ ಬಂದ. "ನನ್ನ ಅಜ್ಜಿ, ಶೀಲಾವತಿ. ಮೂರನೇ ಕ್ಲಾಸಿನ ಪುಸ್ತಕದಲ್ಲಿ ನೋಡಿದಾಗಿನಿಂದ ಗೋಲಗುಂಬಜದಲ್ಲಿ ಒಮ್ಮೆ ಕೂಗಬೇಕಂತೆ. ಬೆನ್ನು ನೋವು ಅಂತ ಮಾವಂದಿರು ಬಿಡುದಿಲ್ಲ. ಅದಕ್ಕೇ ಗುಟ್ಟು... ನೀವು ಎಂತ ಇಲ್ಲಿ?"

ಮೋಕ್ಷಿತಾ ಸೀಟನ್ನೇ ನೋಡಿದಳು. ಬೆನ್ನು ನೋವಿನ ಅಜ್ಜಿಗೆ ನಾರಿನ ಹಾಳೆ!

"ಅಜ್ಜಿ, ದಯಮಾಡಿ ಇಳಿಯಿರಿ. ಆ ಸೀಟು ಸರಿ ಇಲ್ಲ. ನಾನು ಬೇಕೂಂತಲೇ ಗಟ್ಟಿ ಮಾಡಿದ್ದು."

"ಬೇಕೂಂತ? ಯಾಕೆ?" ಎಂದ ಭವಿತ್.

ಅವಳು ಸ್ಪಂಜಿನ ಕಟ್ಟನ್ನು ಎದೆಗವಚಿಕೊಂಡು ನಿಂತಳು. ಹೇಳದಿರಲು ದಾರಿಯೇ ಇರಲಿಲ್ಲ.

"ನೀವು ಯಾರನ್ನೋ ಓಡಿಸಿಕೊಂಡು ಹೋಗುದು ಅಂತ ಗ್ರಹಿಸಿದೆ. ನಿಮ್ಮ ಪಕ್ಕದಲ್ಲಿ ಬೇರೆ ಯಾರೋ ಕೂರುದು ನನಗೆ... ಸಹಿಸ್ಲಿಕ್ಕೆ ಆಗ್ಲಿಲ್ಲ."

ಭವಿತ್‌ನ ಮುಖ ಕಿವಿಯ ತನಕ ರಂಗೇರಿತು.

"ಹಾಗಾದ್ರೆ ನಾನೂ ಒಂದು ಹೇಳ್ಬೇಕು. ಡ್ರೈವರ್ ಸೀಟಿನಲ್ಲಿ ಎಂತದೂ ಚುಚ್ಚುದಿಲ್ಲ. ಮೊದಲ ದಿನವೇ ಸರಿ ಇತ್ತು."

"ಮತ್ತೆ ನಾಲ್ಕು ಸಲ ಬಿಚ್ಚಿಸಿದ್ದು?"

"ಬೇರೆ ಎಂತ ನೆಪ ಹೇಳಿ ಬರುದು?"

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಕಣ್ಣೊರೆಸಿಕೊಂಡು ಸೀಟಿನ ಕಡೆ ಹೊರಟಳು. "ಅಜ್ಜಿ, ಅರ್ಧ ಗಂಟೆ ಕೊಡಿ. ಮೆತ್ತಗೆ ಮಾಡಿಕೊಡ್ತೇನೆ."

"ಮುಟ್ಟಿದ್ರೆ ಉಂಟು ನಿಂಗೆ" ಎಂದರು ಅಜ್ಜಿ. "ಮೆತ್ತಗಿನದ್ರಲ್ಲಿ ಕೂರ್ಬಾರ್ದು ಅಂತ ಡಾಕ್ಟ್ರು ಹೇಳಿದ್ದಾರೆ. ವರ್ಷದಿಂದ ಬೆನ್ನು ಇಷ್ಟು ಸುಖದಲ್ಲಿ ಇರ್ಲಿಲ್ಲ. ಅಲ್ಲ ಹುಡುಗಿ, ಸಿಟ್ಟಿನಲ್ಲಿ ಮಾಡಿದ್ದೇ ಹೀಗಾದ್ರೆ ಪ್ರೀತಿಯಲ್ಲಿ ಮಾಡಿದ್ದು ಹೇಗಿರ್ಬಹುದು?"

ಇಬ್ಬರೂ ತಲೆ ತಗ್ಗಿಸಿದರು. ಅಜ್ಜಿ ಗಾಜು ಏರಿಸಿ ಆ ಕಡೆ ತಿರುಗಿ ಕುಳಿತರು. ತಿರುಗಿದ್ದು ಮುಖ ಮಾತ್ರ. ಕಿವಿ ಈ ಕಡೆಯೇ ಇತ್ತು.

"ಬರುವಾಗ ಅಜ್ಜಿಯನ್ನು ಕರ್ಕೊಂಡು ನಿಮ್ಮ ಮನೆಗೆ ಬರ್ಲಾ?" ಕೇಳಿದ ಭವಿತ್. "ನಿಮ್ಮ ಅಪ್ಪನ ಹತ್ರ ಮಾತಾಡ್ಲಿಕ್ಕೆ."

"ಅಪ್ಪನಿಗೆ ಇವತ್ತೇ ಎಲ್ಲ ಹೇಳ್ತೇನೆ. ಸೀಟಿನದ್ದೂ... ನಿಮ್ಮದೂ."

"ಬೈದ್ರೆ?"

"ಸೀಟಿಗೆ ಬೈತಾರೆ. ನಿಮ್ಮ ವಿಷಯ ಅವರಿಗೆ ನನಗಿಂತ ಮೊದಲೇ ಗೊತ್ತಿರ್ಬೇಕು."

ಅವನು ಹತ್ತಿ ಗಾಡಿ ಸ್ಟಾರ್ಟ್ ಮಾಡಿದ. ಅವಳು ಅವನ ಕಡೆಯ ಕಿಟಕಿಯ ಅಂಚು ಹಿಡಿದು ನಿಂತಿದ್ದಳು, ಬಿಡಲು ಮನಸ್ಸಿಲ್ಲದೆ.

"ನಿಧಾನ ಹೋಗು, ಭವಿತ್." ನೀವು ಎನ್ನುವುದನ್ನು ಅವಳು ಮರೆತೇಬಿಟ್ಟಿದ್ದಳು.

"ಎಷ್ಟು ನಿಧಾನ?"

"ಹೋಗುವಾಗ ಅಜ್ಜಿ ಹೇಳಿದಷ್ಟು" ಎಂದಳು ಮೋಕ್ಷಿತಾ. "ಬರುವಾಗ ಮಾತ್ರ ಬೇಗ ಬಾ."