ಹೆರಿಗೆ ಕೋಣೆಯ ಹೊಸಿಲು

"ಎಂಟು ತಿಂಗಳಲ್ಲಿ ಒಂದೂ ಹೆರಿಗೆ ಇಲ್ಲ! ದಿನವಿಡೀ ಇಲ್ಲಿ ಏನು ಮಾಡುತ್ತೀರಿ?"

ಖಾಲಿ ರಿಜಿಸ್ಟರ್ ಹಿಡಿದು ನಿಂತವನನ್ನು ನರ್ಸ್ ದಿಟ್ಟಿಸಿದಳು. ಅದೇ ದನಿ! ಪ್ರತಿ ಸೋಮವಾರ ಫೋನಿನಲ್ಲಿ ಹೆರಿಗೆ ಎಷ್ಟಾಯಿತೆಂದು ಕೇಳಿ, ಆಮೇಲೆ "ನಿಮ್ಮ ಊಟವಾಯಿತೇ?" ಎಂದು ಪುಸ್ತಕದ ಮಾತಿನಲ್ಲಿ ವಿಚಾರಿಸುತ್ತಿದ್ದ ದನಿ. ಈ ಹೆರಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟ ವಿದೇಶಿ ಸಂಸ್ಥೆಯ ಅಧಿಕಾರಿ ಅವನು. ಅಮ್ಮ ತೀರಿಕೊಂಡ ಮೇಲೆ ಅವಳ ಊಟ ವಿಚಾರಿಸುವವರು ಬೇರಾರೂ ಇರಲಿಲ್ಲ. ಆ ಒಂದು ಮಾತಿಗೆ ವಾರವೆಲ್ಲ ಕಾಯುತ್ತಿದ್ದಳು, ಪಾಪ!

"ಹಾಸಿಗೆ ಹಾಸ್ತೀನಿ, ತೆಗೀತೀನಿ. ಇನ್ನೇನ್ ಮಾಡ್ಲಿ ಸಾರ್?"

"ಬಂದವರನ್ನು ನೀವೇ ವಾಪಸ್ ಕಳುಹಿಸುತ್ತೀರಂತೆ. ಊರವರೇ ಹೇಳಿದರು. ನಾಳೆ ವರದಿ ಕಳಿಸಿದರೆ ಇದನ್ನು ಮುಚ್ಚುತ್ತಾರೆ."

ಕೆಲಸ, ಆಸ್ಪತ್ರೆಯ ಹಿಂದಿನ ಕೋಣೆಯ ವಾಸ... ಎಲ್ಲ ಹೋದ ಹಾಗೇ! ಇವರೂ ನನ್ನ ನಂಬಲಿಲ್ವಲ್ಲ... ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಅಷ್ಟರಲ್ಲಿ ತುಂಬು ಗರ್ಭಿಣಿಯೊಬ್ಬಳು ತಾಯಿಯನ್ನು ಕರೆದುಕೊಂಡು ಬಂದಳು. ನರ್ಸ್ ಗೋಡೆಯ ಬೋರ್ಡು ತೋರಿಸಿದಳು.

"ಅಮ್ಮ ಹೊರಗೇ ಇರ್ಬೇಕಂತೆ ಕಣಮ್ಮ. ಸಂಸ್ಥೆಯವರ ರೂಲ್ಸು."

"ನನ್ನ ಮಗಳೇನು ದಿಕ್ಕಿಲ್ಲದೋಳಾ, ಒಬ್ಬಳೇ ಹೆರೋಕೆ?" ತಾಯಿ ಸಿಡುಕಿದಳು. "ನಡಿಯೇ ಮನೆಗೆ!"

ಅಧಿಕಾರಿ ಬೋರ್ಡನ್ನು ಮತ್ತೊಮ್ಮೆ ಓದಿದ. ದೂರದ ಕಚೇರಿಯಲ್ಲಿ ಕುಳಿತು, ಸ್ವಚ್ಛತೆಗೆಂದು ಆ ನಿಯಮ ಬರೆದ ಮಹಾಶಯ ಅವನೇ!

"ನನಗೇಕೆ ತಿಳಿಸಲಿಲ್ಲ?"

"ನಾಲ್ಕು ಸಲ ಕಾಗದ ಬರೆದೆ ಸಾರ್. ನಿಯಮ ಪಾಲಿಸಿ ಅಂತ ನಿಮ್ಮ ಆಫೀಸಿಂದಾನೇ ಉತ್ತರ ಬಂತು. ಆಮೇಲೆ ಫೋನಲ್ಲಿ ಹೇಳೋಕೆ ಧೈರ್ಯ ಬರ್ಲಿಲ್ಲ."

ಅವನು ತಾಯಿ ಮಗಳ ಹಿಂದೆ ಓಡಿದ. "ಅಮ್ಮಾ, ನಿಲ್ಲಿ! ನೀವೂ ಒಳಗೆ ಬನ್ನಿ. ತಪ್ಪು ನನ್ನದು!"

ಸಂಜೆಯ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಅಧಿಕಾರಿ ತಾನು ಬರೆದ ವರದಿಯನ್ನು ನರ್ಸಿಗೆ ಓದಿ ಹೇಳಿದ: "ಆಸ್ಪತ್ರೆ ನಡೆಯಲಿ. ಇಲ್ಲಿನ ಹೆಂಗಸರನ್ನು ಕೇಳದೆ ನಿಯಮ ಮಾಡಿದ್ದು ನನ್ನ ತಪ್ಪು. ನರ್ಸ್ ಅವರದಲ್ಲ."

ನರ್ಸ್ ಖುಷಿಪಡಬೇಕಿತ್ತು. ಒಳಗೆ ಅಜ್ಜಿ ಮೊಮ್ಮಗಳನ್ನು ಮುದ್ದಿಸುತ್ತಿದ್ದಳು. ಇವಳು ಹೊರಗಿನ ಬೆಂಚಿನಲ್ಲಿ ಒಬ್ಬಳೇ ಕುಳಿತು ಅತ್ತಳು.

"ಏಕೆ ಅಳುತ್ತಿದ್ದೀರಿ?"

"ಎಲ್ಲರಿಗೂ ಅವರವರ ಜನ ಇದ್ದಾರೆ. ನಾಳೆ ನೀವೂ ಹೋಗ್ಬಿಡ್ತೀರಿ..." ಅಯ್ಯೋ, ಬಾಯಿ ಜಾರಿತಲ್ಲ!

ಅವನು ಬೆಂಚಿನ ಹತ್ತಿರಕ್ಕೆ ಬಂದ.

"ನನಗೂ ಯಾರೂ ಇಲ್ಲ. ಹೆರಿಗೆ ಎಷ್ಟೆಂದು ಕೇಳುವುದು ನೆಪ. ನಿಮ್ಮ ದನಿ ಕೇಳದಿದ್ದರೆ ನನ್ನ ವಾರ ಶುರುವಾಗುತ್ತಿರಲಿಲ್ಲ. ನಾನು ಇಲ್ಲಿಗೇ ವರ್ಗ ಮಾಡಿಸಿಕೊಂಡರೆ... ನಿಮಗೆ ತೊಂದರೆಯೇ?"

ಅವಳು ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದಳು.

"ಇಷ್ಟು ದಿನ ನೀವು ಬರ್ದೇ ಇದ್ದದ್ದೇ ತೊಂದರೆ. ಕೂತ್ಕೊಳ್ಳಿ."